ಕೋಲ್ಸ್‌ಹಿಲ್ ಮಹಲು: ಯುದ್ಧದಲ್ಲಿ ಉಳಿದು ಶಾಂತಿಕಾಲದಲ್ಲಿ ಅಳಿದ ಒಂದು ಕಟ್ಟಡದ ಪ್ರಕರಣ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಭೂಮಾಲೀಕ ಮನೆತನಗಳು ಕಟ್ಟಿಸಿದ್ದ ಮಹಲುಗಳ ಪೈಕಿ ಸಾವಿರಕ್ಕೂ ಹೆಚ್ಚು ಇಪ್ಪತ್ತನೆಯ ಶತಮಾನದಲ್ಲಿ ಇಲ್ಲವಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ವಶಕ್ಕೆ ಹೋಗಿದ್ದ ಮಹಲುಗಳ ಮಾತು ಬಂದಾಗ ಒಂದೇ ವಿವರಣೆ ಮತ್ತೆ ಮತ್ತೆ ಕೇಳಿಬರುತ್ತದೆ: ಸೈನಿಕರು ಬಂದು ಬೀಡುಬಿಟ್ಟರು, ಮನೆಯನ್ನು ಹಾಳುಗೆಡವಿದರು, ಯುದ್ಧ ಮುಗಿದ ಮೇಲೆ ರಿಪೇರಿಯ ಖರ್ಚು ಮಾಲೀಕರ ಕೈಮೀರಿತು, ಕೊನೆಗೆ ಕಟ್ಟಡವನ್ನು ಕೆಡವಿದರು. ಹಲವು ಮನೆಗಳ ಮಟ್ಟಿಗೆ ಈ ವಿವರಣೆ ನಿಜ. ಕೋಲ್ಸ್‌ಹಿಲ್ ಮಹಲಿನ ಮಟ್ಟಿಗೆ ಅದು ಹೊಂದುವುದಿಲ್ಲ. ನಾಲ್ಕು ವರ್ಷಗಳ ಕಾಲ ಬ್ರಿಟನ್ನಿನ ಅತ್ಯಂತ ಗೋಪ್ಯ ಪಡೆಯೊಂದರ ಕೇಂದ್ರವಾಗಿದ್ದ ಈ ಮನೆ ಯುದ್ಧ ಮುಗಿದಾಗ ಇಡಿಯಾಗಿ ನಿಂತಿತ್ತು. ಅದಕ್ಕೆ ಬೆಂಕಿ ಬಿದ್ದದ್ದು 1952ರಲ್ಲಿ, ದುರಸ್ತಿಯ ಕೆಲಸ ನಡೆಯುತ್ತಿದ್ದಾಗ. ಅದು ನೆಲಸಮವಾದದ್ದು 1958ರಲ್ಲಿ. ಈ ಎರಡು ಇಸವಿಗಳ ನಡುವಿನ ಆರು ವರ್ಷಗಳನ್ನು ಸರಿಯಾಗಿ ನೋಡದೆ ಕೋಲ್ಸ್‌ಹಿಲ್ ಹೇಗೆ ಕಳೆದುಹೋಯಿತೆಂದು ಹೇಳಲಾಗದು ಎಂಬುದು ಈ ಬರಹದ ವಾದ.

ಕೋಲ್ಸ್‌ಹಿಲ್ ಎಂಬುದು ಕೋಲ್ ಎಂಬ ಚಿಕ್ಕ ನದಿಯ ಬದಿಯ ದಿಬ್ಬದ ಮೇಲಿರುವ ಒಂದು ಹಳ್ಳಿ. ಯುದ್ಧದ ಕಾಲದಲ್ಲಿ ಅದು ಬರ್ಕ್‌ಷೈರ್ ಕೌಂಟಿಯ ಅಂಚಿನಲ್ಲಿತ್ತು. 1974ರ ಗಡಿ ಬದಲಾವಣೆಯ ನಂತರ ಆಕ್ಸ್‌ಫರ್ಡ್‌ಷೈರ್‌ಗೆ ಸೇರಿದೆ. ಕೆಲವೇ ಮೈಲಿ ದೂರದ ಹೈವರ್ತ್ ಎಂಬ ಸಣ್ಣ ಪಟ್ಟಣ ಮಾತ್ರ ವಿಲ್ಟ್‌ಷೈರ್‌ನಲ್ಲಿದೆ. ಆಡಳಿತದ ಈ ಗಡಿ ಸಣ್ಣ ವಿಷಯವೆಂದು ತೋರಬಹುದು, ಆದರೆ ಮುಂದೆ ಬರುವ ಗುಟ್ಟಿನ ಕಥೆಯಲ್ಲಿ ಅದಕ್ಕೂ ಒಂದು ಪಾಲಿದೆ.

ಮಹಲನ್ನು ಕಟ್ಟಿಸಿದವರು ಸರ್ ಜಾರ್ಜ್ ಪ್ರ್ಯಾಟ್. ವಿನ್ಯಾಸ ಅವರ ದಾಯಾದಿ ರೋಜರ್ ಪ್ರ್ಯಾಟ್ ಅವರದು. ಇಂಗ್ಲೆಂಡಿನ ಅಂತರ್ಯುದ್ಧದ ವರ್ಷಗಳನ್ನು ರೋಜರ್ ಪ್ರ್ಯಾಟ್ ಫ್ರಾನ್ಸ್, ಇಟಲಿ ಮತ್ತು ಹಾಲೆಂಡ್‌ಗಳಲ್ಲಿ ಕಳೆದು, ಅಲ್ಲಿನ ಕಟ್ಟಡಗಳನ್ನು ಕಣ್ಣಾರೆ ಕಂಡು, 1649ರ ಹೊತ್ತಿಗೆ ಊರಿಗೆ ಮರಳಿದ್ದರು. ಜಾರ್ಜ್ ಪ್ರ್ಯಾಟ್ ಆಗಲೇ ಸೌತೆಕಾಯಿ ತೋಟದ ಜಾಗದಲ್ಲಿ ಹೊಸ ಮನೆಯನ್ನು ಒಂದು ಅಂತಸ್ತಿನವರೆಗೆ ಎಬ್ಬಿಸಿದ್ದರೆಂದೂ, ರೋಜರ್ ಪ್ರ್ಯಾಟ್ ಮತ್ತು ಅಂದಿನ ಹಿರಿಯ ವಾಸ್ತುಶಿಲ್ಪಿ ಇನಿಗೊ ಜೋನ್ಸ್ ಬಂದು ನೋಡಿ, ಅದನ್ನು ಕೆಡವಿಸಿ, ಮುಂದೆ ಮಹಲು ನಿಂತ ಜಾಗದಲ್ಲಿ ಹೊಸದಾಗಿ ಆರಂಭಿಸಿದರೆಂದೂ ಮನೆತನದಲ್ಲಿ ಮಾತು ನಡೆದುಬಂದಿತ್ತು. ಜೋನ್ಸ್ 1652ರಲ್ಲಿ ತೀರಿಕೊಂಡರು. ಅವರ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. 1662ರ ಹೊತ್ತಿಗೆ ಪೂರ್ಣಗೊಂಡ ಕಟ್ಟಡ ಮಾತ್ರ ರೋಜರ್ ಪ್ರ್ಯಾಟ್ ಅವರ ಆಲೋಚನೆಯ ಫಲವೆಂಬುದರಲ್ಲಿ ಅನುಮಾನವಿಲ್ಲ. 1666ರ ಮಹಾ ಅಗ್ನಿದುರಂತದ ನಂತರ ಲಂಡನ್ನನ್ನು ಮತ್ತೆ ಕಟ್ಟಲು ನೇಮಕಗೊಂಡವರಲ್ಲಿ ಕ್ರಿಸ್ಟೋಫರ್ ರೆನ್ ಅವರ ಜೊತೆಗೆ ಇದೇ ಪ್ರ್ಯಾಟ್ ಕೂಡ ಇದ್ದರು.

ಹೊರಗಿನಿಂದ ನೋಡಿದವರಿಗೆ ಕೋಲ್ಸ್‌ಹಿಲ್‌ನಲ್ಲಿ ಆಡಂಬರ ಕಾಣುತ್ತಿರಲಿಲ್ಲ. ಅಗಲಕ್ಕೆ ಒಂಬತ್ತು ಕಿಟಕಿಗಳ ಒಂದು ಚೊಕ್ಕ ಆಯತ, ನೆಲದಿಂದ ಅರ್ಧ ಮೇಲೆದ್ದ ನೆಲಮಾಳಿಗೆ, ಅದರ ಮೇಲೆ ಎರಡು ಮುಖ್ಯ ಅಂತಸ್ತು, ನಾಲ್ಕೂ ಕಡೆಗೆ ಇಳಿಜಾರಾದ ಸೂರು, ಸೂರಿನಲ್ಲಿ ಅಟ್ಟದ ಕಿಟಕಿಗಳು, ನೆತ್ತಿಯಲ್ಲಿ ಕಟಾಂಜನವಿದ್ದ ಸಮತಟ್ಟಾದ ತಾರಸಿ, ಅದರ ನಡುವೆ ಒಂದು ಪುಟ್ಟ ಗೋಪುರ, ಸುತ್ತ ಕಂಬಗಳಂತೆ ನಿಂತ ದಪ್ಪ ಚಿಮಣಿಗಳು. ಗೋಡೆಯಲ್ಲಿ ಕಂಬಸಾಲು ಎಂಬುದೇ ಇರಲಿಲ್ಲ. ಕಿಟಕಿಗಳ ನಡುವಿನ ಅಂತರವನ್ನು ಮಧ್ಯಭಾಗದಲ್ಲಿ ಕೊಂಚ ಹಿಗ್ಗಿಸಿದ್ದರಿಂದಲೇ ಬಾಗಿಲಿಗೆ ಸಿಗಬೇಕಾದ ಗೌರವ ಸಿಕ್ಕಿತ್ತು. ಅಳತೆಯ ಹದವೊಂದನ್ನೇ ನೆಚ್ಚಿ ಇಷ್ಟು ಗಾಂಭೀರ್ಯ ಸಾಧಿಸಿದ ಮನೆಗಳು ಆ ದೇಶದಲ್ಲೇ ವಿರಳ.

ಒಳಗೆ ಕಾಲಿಟ್ಟರೆ ಎರಡು ಅಂತಸ್ತಿನ ಎತ್ತರದ ಹಜಾರ. ಅದರ ಎರಡೂ ಪಕ್ಕದ ಗೋಡೆಗಳಿಗೆ ಅಂಟಿಕೊಂಡು ಏರುವ ಜೋಡಿ ಮೆಟ್ಟಿಲುಸಾಲುಗಳು ಮೇಲಿನ ಮೊಗಸಾಲೆಯಲ್ಲಿ ಕೂಡುತ್ತಿದ್ದವು. ಹಜಾರದ ಹಿಂದೆ ಕೆಳಗೊಂದು ದೊಡ್ಡ ಕೋಣೆ, ಅದರ ಮೇಲೆ ಭೋಜನದ ಮಹಾಕೋಣೆ. ಮನೆಯ ಉದ್ದಕ್ಕೂ ನಟ್ಟನಡುವೆ ಓಣಿಯೊಂದು ಹಾದುಹೋಗಿ, ಅದರ ಎರಡು ಬದಿಗೆ ಕೋಣೆಗಳ ಎರಡು ಸಾಲು ಏರ್ಪಟ್ಟಿತ್ತು. ಓಣಿಯ ಎರಡು ತುದಿಗಳಲ್ಲಿ ಆಳುಗಳು ಓಡಾಡುವ ಹಿಂಬದಿಯ ಮೆಟ್ಟಿಲುಗಳಿದ್ದವು. ಕೆಲಸದವರು ಹೋಗಿಬರುವುದು ಮನೆಯವರ ಕಣ್ಣಿಗೆ ಬೀಳಬಾರದೆಂಬ ತತ್ತ್ವವನ್ನು ಪ್ರ್ಯಾಟ್ ತಮ್ಮ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದರು. ಅಂದಿನ ಸಮಾಜದ ಮೇಲು ಕೀಳಿನ ಲೆಕ್ಕಾಚಾರ ಆ ನಕ್ಷೆಯಲ್ಲಿದೆ ಎಂಬುದನ್ನು ಮರೆಯಬಾರದು. ಆದರೂ ಬೆಚ್ಚಗಿನ, ಒತ್ತಾದ, ಪ್ರತಿ ಕೋಣೆಗೂ ಸ್ವತಂತ್ರ ದಾರಿಯಿರುವ ಮನೆಯ ಈ ಮಾದರಿ ಮುಂದಿನ ಒಂದು ಶತಮಾನದ ಇಂಗ್ಲಿಷ್ ಮನೆಗಳಿಗೆ ಮೇಲ್ಪಂಕ್ತಿಯಾಯಿತು. ಒಳಛಾವಣಿಗಳ ಗಾರೆ ಕೆಲಸ, ಆಳವಾದ ತೊಲೆಗಳ ನಡುವೆ ಹೂ ಹಣ್ಣುಗಳ ದಪ್ಪ ಹೆಣಿಗೆ, ಮನೆಯ ಅತ್ಯಂತ ಬೆಲೆಬಾಳುವ ಭಾಗವಾಗಿತ್ತು. ಇಂದು ಅದು ಛಾಯಾಚಿತ್ರಗಳಲ್ಲಿ ಮಾತ್ರ ಇದೆ.

ಪ್ರ್ಯಾಟ್ ಮನೆತನದಿಂದ ಆಸ್ತಿ ಪ್ಲೇಡೆಲ್ ಮನೆತನಕ್ಕೆ, ಹದಿನೆಂಟನೆಯ ಶತಮಾನದಲ್ಲಿ ಮದುವೆಯ ಮೂಲಕ ರ್ಯಾಡ್ನರ್ ಅರ್ಲ್‌ಗಳಾದ ಬೌವರಿ ಮನೆತನಕ್ಕೆ ಸೇರಿತು. ನಂತರದವರು ಪ್ಲೇಡೆಲ್-ಬೌವರಿ ಎಂಬ ಜೋಡಿ ಹೆಸರಿನಿಂದ ಪ್ರಸಿದ್ಧರು. ಅವರು ಮನೆಯನ್ನು ಹೆಚ್ಚು ತಿದ್ದಲು ಹೋಗದೆ ಇದ್ದದ್ದರಿಂದ ಪ್ರ್ಯಾಟ್ ಕಟ್ಟಿದ್ದು ಸುಮಾರಾಗಿ ಇದ್ದ ಹಾಗೆಯೇ ಇಪ್ಪತ್ತನೆಯ ಶತಮಾನಕ್ಕೆ ದಾಟಿಬಂತು. 1920ರ ದಶಕದಲ್ಲಿ ಈ ಮನೆತನದ ಮಗಳು ಕ್ಯಾಥರೀನ್ ಪ್ಲೇಡೆಲ್-ಬೌವರಿ ಸೇಂಟ್ ಐವ್ಸ್‌ನಲ್ಲಿ ಬರ್ನಾರ್ಡ್ ಲೀಚ್ ಅವರ ಬಳಿ ಕುಂಬಾರಿಕೆ ಕಲಿತು ಬಂದು, 1925ರಲ್ಲಿ ಎಸ್ಟೇಟಿನಲ್ಲೇ ಸೌದೆಯ ಆವಿಗೆ ಕಟ್ಟಿಸಿದರು. ಎಸ್ಟೇಟಿನ ಬಗೆಬಗೆಯ ಗಿಡಮರಗಳನ್ನು ಸುಟ್ಟು, ಒಂದೊಂದರ ಬೂದಿಯಿಂದಲೂ ಬೇರೆ ಬೇರೆ ಮೆರುಗು ತಯಾರಿಸಿ ಪರೀಕ್ಷಿಸಿದ ಅವರ ಕೆಲಸ ಇಂಗ್ಲಿಷ್ ಕುಂಬಾರಿಕೆಯ ಇತಿಹಾಸದಲ್ಲಿ ದೊಡ್ಡ ಹೆಸರು ಪಡೆದಿದೆ. ಕೋಲ್ಸ್‌ಹಿಲ್‌ನ ಮರಗಳ ಬೂದಿಯನ್ನು ಹೊತ್ತ ಆ ಬಟ್ಟಲುಗಳನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು.

1940ರ ಬೇಸಗೆಯಲ್ಲಿ ಫ್ರಾನ್ಸ್ ಸೋತಿತು. ಜರ್ಮನ್ ಸೇನೆ ಇಂದೋ ನಾಳೆಯೋ ಕಡಲು ದಾಟಿ ಬರುವುದೆಂದು ಬ್ರಿಟನ್ ಕಾಯುತ್ತಿತ್ತು. ಶತ್ರು ನೆಲಕ್ಕಿಳಿದ ಮೇಲೆ ಅವನ ಬೆನ್ನ ಹಿಂದೆ ಉಳಿದು ಕಾದಾಡುವ ಪಡೆಯೊಂದನ್ನು ಮುಂಚಿತವಾಗಿಯೇ ಸಿದ್ಧಪಡಿಸುವ ಹೊಣೆ ಆಗ ಕಾಲಿನ್ ಗಬಿನ್ಸ್ ಅವರಿಗೆ ಬಿತ್ತು. ಅವರು ಅದಾಗಲೇ ಗೆರಿಲ್ಲಾ ಯುದ್ಧದ ಕುರಿತು ಸೇನೆಗಾಗಿ ಕೈಪಿಡಿಗಳನ್ನು ಬರೆದಿದ್ದರು, ಅದೇ ವರ್ಷ ನಾರ್ವೆಯ ಕಾರ್ಯಾಚರಣೆಯಲ್ಲಿ ಪಡೆಗಳನ್ನು ನಡೆಸಿದ್ದರು. ಹೊಸ ಪಡೆಗೆ ಯಾರ ಕುತೂಹಲವನ್ನೂ ಕೆರಳಿಸದ ಹೆಸರು ಇಟ್ಟರು: ಆಕ್ಸಿಲಿಯರಿ ಯೂನಿಟ್ಸ್, ಅಂದರೆ ಸಹಾಯಕ ದಳಗಳು. ಆರಂಭದ ಕಚೇರಿ ಲಂಡನ್ನಿನಲ್ಲಿತ್ತು. ತರಬೇತಿಗೆ ಜಾಗ ಬೇಕಾದಾಗ ಕೋಲ್ಸ್‌ಹಿಲ್ ಆಯ್ಕೆಯಾಯಿತು. ಕರಾವಳಿಯಿಂದ ದೂರ, ಸ್ವಿಂಡನ್ ರೈಲು ಜಂಕ್ಷನ್ನಿಗೆ ಹತ್ತಿರ, ಸುತ್ತಲೂ ಕಾಡು ಮತ್ತು ಹುಲ್ಲುಗಾವಲು, ದೊಡ್ಡ ಕುದುರೆ ಲಾಯಗಳು, ಇಡೀ ಎಸ್ಟೇಟು ಒಂದೇ ಮನೆತನದ ಕೈಯಲ್ಲಿ: ನೆಲವನ್ನು ನೋಡಿದರೆ ಆಯ್ಕೆಯ ಜಾಣತನ ತಿಳಿಯುತ್ತದೆ.

ತರಬೇತಿಗೆ ಬರುವವರಿಗೆ ಕೋಲ್ಸ್‌ಹಿಲ್ ಎಂಬ ಹೆಸರನ್ನು ಹೇಳುತ್ತಿರಲಿಲ್ಲ. ಅವರಿಗೆ ಕೊಡುತ್ತಿದ್ದ ವಿಳಾಸ ಹೈವರ್ತ್ ಅಂಚೆ ಕಚೇರಿಯದು, ಅದೂ ವಿಲ್ಟ್‌ಷೈರ್ ಕೌಂಟಿಯದು. ಮಹಲು ಇದ್ದದ್ದು ಬರ್ಕ್‌ಷೈರ್‌ನಲ್ಲಿ. ದೂರದ ಕೌಂಟಿಯಿಂದ ಬಂದ ರೈತನೋ, ಬೇಟೆಗಾಡಿನ ಕಾವಲುಗಾರನೋ ಅಂಚೆ ಕಚೇರಿಯ ಕೌಂಟರಿನ ಮುಂದೆ ನಿಂತು ತನ್ನ ಹೆಸರು ಹೇಳಿ ಗುರುತಿನ ಚೀಟಿ ತೋರಿಸಬೇಕು. ಕೌಂಟರಿನ ಆಚೆಗಿದ್ದವರು ಪೋಸ್ಟ್‌ಮಿಸ್ಟ್ರೆಸ್ ಮೇಬಲ್ ಸ್ಟ್ರ್ಯಾಂಕ್ಸ್. ಅವರು ಚೀಟಿಯನ್ನು ಪರೀಕ್ಷಿಸಿ, ಆತನನ್ನು ಅಲ್ಲೇ ನಿಲ್ಲಿಸಿ, ಒಳಗೆ ಹೋಗಿ ಫೋನ್ ಮಾಡಿ, ಹೊರಗೆ ಬಂದು, ಕರೆದೊಯ್ಯಲು ಯಾರೋ ಬರುತ್ತಾರೆ ಎಂದಷ್ಟೇ ಹೇಳುತ್ತಿದ್ದರು. ಕೊಂಚ ಹೊತ್ತಿಗೆ ಸೇನೆಯ ವಾಹನ ಬಂದು ಆತನನ್ನು ಮಹಲಿಗೆ ಕರೆದೊಯ್ಯುತ್ತಿತ್ತು. ಸಾವಿರಾರು ಜನರ ಗುಟ್ಟು ಒಂದು ಸಣ್ಣ ಪಟ್ಟಣದ ಅಂಚೆ ಕಚೇರಿಯ ಹೆಂಗಸಿನ ಕಣ್ಣು ಮತ್ತು ಬಾಯಿಯ ಬಿಗಿಯನ್ನು ನಂಬಿ ನಡೆಯಿತು, ಮತ್ತು ಆ ನಂಬಿಕೆ ಎಂದೂ ಸುಳ್ಳಾಗಲಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಗೌರವ ಮೂಡಿಸುವ ವ್ಯಕ್ತಿ ಮೇಬಲ್ ಸ್ಟ್ರ್ಯಾಂಕ್ಸ್.

ತರಬೇತಿ ಬಹುತೇಕ ವಾರಾಂತ್ಯದ್ದು, ಏಕೆಂದರೆ ಬರುವವರಿಗೆ ವಾರವಿಡೀ ಹೊಲದ ಕೆಲಸವೋ ಗಣಿಯ ಕೆಲಸವೋ ಇರುತ್ತಿತ್ತು. ಅಧಿಕಾರಿಗಳ ಕೆಲಸ ಮಹಲಿನಲ್ಲಿ, ಕಲಿಯುವವರ ವಾಸ್ತವ್ಯ ಲಾಯದ ಕಟ್ಟಡಗಳಲ್ಲಿ. ಸ್ಫೋಟಕ ಹೂಡುವುದು, ಕಾಲ ಗೊತ್ತುಮಾಡಿ ಸಿಡಿಸುವ ಪೆನ್ಸಿಲಿನಾಕಾರದ ಕಿಡಿಕಡ್ಡಿಗಳ ಬಳಕೆ, ಬರಿಗೈ ಕಾಳಗ, ಕಠಾರಿ, ಕತ್ತಲಲ್ಲಿ ಸದ್ದಿಲ್ಲದೆ ನಡೆಯುವುದು ಇವೆಲ್ಲ ಅಲ್ಲಿನ ಪಾಠಗಳು. ಪಾಠದ ಪುಸ್ತಿಕೆಗಳೂ ವೇಷ ಹಾಕಿದ್ದವು. ಅವುಗಳಲ್ಲೊಂದು 1939ರ ರೈತ ದಿನಚರಿಯ ರೂಪದಲ್ಲಿತ್ತು. ಹೊದಿಕೆಯ ಮೇಲೆ ಹೈವರ್ತ್ ಹೆಸರಿನ ಗೊಬ್ಬರದ ಕಂಪನಿಯ ಜಾಹೀರಾತು, ಒಳಗೆ ಸೇತುವೆ, ವಿಮಾನ ಮತ್ತು ಪೆಟ್ರೋಲ್ ದಾಸ್ತಾನುಗಳನ್ನು ಉಡಾಯಿಸುವ ವಿಧಾನ. ಅಂಥ ಗೊಬ್ಬರದ ಕಂಪನಿ ಇರಲೇ ಇಲ್ಲ.

ತರಬೇತಿ ಪಡೆದವರು ತಮ್ಮ ತಮ್ಮ ಊರಿಗೆ ಮರಳಿ, ನಾಲ್ಕರಿಂದ ಎಂಟು ಮಂದಿಯ ತಂಡಗಳಾಗಿ ಕಾಡಿನ ನೆಲದಡಿಯ ಅಡಗುದಾಣಗಳನ್ನು ಕಾಯುತ್ತಿದ್ದರು. ಅವುಗಳಲ್ಲಿ ಹೆಚ್ಚಿನವನ್ನು ಕಮಾನಿನಾಕಾರಕ್ಕೆ ಬಾಗಿಸಿದ ತಗಡಿನಿಂದ ಕಟ್ಟಿ ಮೇಲೆ ಮಣ್ಣು ಮುಚ್ಚಿದ್ದರು. ಎಲೆ ಕಸ ಅಂಟಿಸಿದ ಮುಚ್ಚಳ ಸರಿಸಿ ಬಾವಿಯಂಥ ಕಿಂಡಿಯಲ್ಲಿ ಇಳಿಯಬೇಕು. ಒಳಗೆ ಮಲಗುವ ಹಲಗೆಗಳು, ಒಲೆ, ಕೆಲವು ದಿನಗಳ ಆಹಾರ. ಇನ್ನೊಂದು ತುದಿಯಲ್ಲಿ ತಪ್ಪಿಸಿಕೊಳ್ಳಲು ಕಾಂಕ್ರೀಟ್ ಕೊಳವೆಗಳ ಸುರಂಗ. ಕೆಂಟ್ ಕಡೆಯ ಒಂದು ಅಡಗುದಾಣದಲ್ಲಿ ನೆಲದ ಇಲಿಬಿಲದಂಥ ತೂತಿಗೆ ಗೋಲಿಯೊಂದನ್ನು ಹಾಕಿದರೆ ಅದು ಕೊಳವೆಯಲ್ಲಿ ಉರುಳಿ ಕೆಳಗಿನ ಡಬ್ಬಿಗೆ ಬಿದ್ದು ಸದ್ದು ಮಾಡುತ್ತಿತ್ತು. ಆಗ ಒಳಗಿದ್ದವರು ಮುಚ್ಚಳ ತೆರೆಯುತ್ತಿದ್ದರು. ಪ್ರತಿ ತಂಡಕ್ಕೂ ಮೊಹರು ಹಾಕಿದ ಒಂದು ಗ್ಯಾಲನ್ ರಮ್ ಕೊಟ್ಟಿರುತ್ತಿದ್ದರು, ಅದನ್ನು ಒಡೆಯಬೇಕಾದದ್ದು ಕೊನೆಯ ಘಳಿಗೆಯಲ್ಲಿ ಮಾತ್ರ. ಶತ್ರು ಬಂದ ಮೇಲೆ ಈ ತಂಡಗಳು ಎರಡು ವಾರ ಬದುಕಿದರೆ ಹೆಚ್ಚು ಎಂಬುದು ಅಂದಿನ ಅಂದಾಜು, ಮತ್ತು ಅದು ಅವರಿಗೂ ತಿಳಿದ ವಿಷಯವೇ ಆಗಿತ್ತು. ಸುಮಾರು 3,500 ಮಂದಿ ಈ ಪಡೆಯಲ್ಲಿದ್ದರು. ಕಾಗದದ ಮೇಲೆ ಅವರು ಹೋಮ್ ಗಾರ್ಡಿನ 201, 202 ಮತ್ತು 203ನೆಯ ಪಡೆಗಳಿಗೆ ಸೇರಿದವರು. ಹೆಂಡತಿಗೂ ಹೇಳುವಂತಿರಲಿಲ್ಲ, ಅಧಿಕೃತ ರಹಸ್ಯ ಕಾಯಿದೆಗೆ ಸಹಿ ಹಾಕಿದ್ದರು.

ಗಬಿನ್ಸ್ 1940ರ ನವೆಂಬರಿನಲ್ಲೇ ಇನ್ನೊಂದು ರಹಸ್ಯ ಸಂಸ್ಥೆಗೆ ಹೋದರು. ಇದೇ ಪಡೆಯನ್ನು ಕೆಂಟ್‌ನಲ್ಲಿ ಕಟ್ಟಿದ್ದ ಪೀಟರ್ ಫ್ಲೆಮಿಂಗ್ ನಂತರ ದೆಹಲಿಯಲ್ಲಿ ಬ್ರಿಟಿಷ್ ಸೇನಾಪತಿ ವೇವೆಲ್ ಅವರ ಕೈಕೆಳಗೆ ಜಪಾನೀಯರನ್ನು ದಿಕ್ಕುತಪ್ಪಿಸುವ ಕೆಲಸ ನಡೆಸಿದರು, ಅವರ ಜೊತೆಗಿದ್ದ ಮೈಕ್ ಕ್ಯಾಲ್ವರ್ಟ್ ಬರ್ಮಾದ ಕಾಡುಗಳಲ್ಲಿ ಶತ್ರುವಿನ ಬೆನ್ನ ಹಿಂದೆ ನುಗ್ಗಿ ಕಾದಾಡಿದ ಚಿಂಡಿಟ್ ಪಡೆಯ ಒಂದು ಬ್ರಿಗೇಡಿನ ದಂಡನಾಯಕರಾದರು. ಕೋಲ್ಸ್‌ಹಿಲ್‌ನ ಕೆಲಸ ಮಾತ್ರ ಬೇರೆ ಅಧಿಕಾರಿಗಳ ಕೆಳಗೆ ಮುಂದುವರಿಯಿತು. ಈ ಅವಧಿಯುದ್ದಕ್ಕೂ ಕ್ಯಾಥರೀನ್ ಮತ್ತು ಅವರ ಸಹೋದರಿ ಮೇರಿ ಮನೆ ಬಿಟ್ಟು ಹೋಗಲಿಲ್ಲ. ಈ ಅಂಶಕ್ಕೆ ನಾನು ತೂಕ ಕೊಡುತ್ತೇನೆ. ಸೇನೆಯ ವಶದಲ್ಲಿ ಹಾಳಾದ ಮಹಲುಗಳು ಸಾಮಾನ್ಯವಾಗಿ ಖಾಲಿ ಮಾಡಿ ಒಪ್ಪಿಸಿದವು. ಒಂದು ದಳ ಹೋಗಿ ಇನ್ನೊಂದು ದಳ ಬರುತ್ತ, ಯಾರಿಗೂ ಹೊಣೆಯಿಲ್ಲದೆ, ಬಾಗಿಲು ಮೆಟ್ಟಿಲುಗಳು ಸೌದೆಯಾದವು. ಕೋಲ್ಸ್‌ಹಿಲ್‌ನಲ್ಲಿ ಒಂದೇ ಸಂಸ್ಥೆ ಕೊನೆಯವರೆಗೂ ಇತ್ತು, ಮನೆಯೊಡತಿಯರು ಅದೇ ಆವರಣದಲ್ಲಿದ್ದರು. 1944ರ ನವೆಂಬರಿನಲ್ಲಿ ಪಡೆಯನ್ನು ವಿಸರ್ಜಿಸಿದರು. ಕೆಲಸದ ಗೋಪ್ಯತೆಯ ಕಾರಣ ಸಾರ್ವಜನಿಕ ಮನ್ನಣೆ ಸಾಧ್ಯವಿಲ್ಲವೆಂದು ತಿಳಿಸಿ, ಎದೆಗೆ ಸಿಕ್ಕಿಸಿಕೊಳ್ಳುವ ಒಂದು ಚಿಕ್ಕ ಬಿಲ್ಲೆ ಕೊಟ್ಟು ಕಳಿಸಿದರು.

ಯುದ್ಧ ಮುಗಿದ ಕೂಡಲೇ ಸಹೋದರಿಯರು ಎಸ್ಟೇಟನ್ನು ಅರ್ನೆಸ್ಟ್ ಕುಕ್ ಅವರಿಗೆ ಮಾರಿದರು, ಕ್ಯಾಥರೀನ್ 1946ರಲ್ಲಿ ವಿಲ್ಟ್‌ಷೈರ್‌ನ ಕಿಲ್ಮಿಂಗ್ಟನ್‌ಗೆ ಹೋಗಿ ನೆಲೆಸಿದರು. ಪ್ರವಾಸ ಏಜೆನ್ಸಿಯಿಂದ ನಮಗೂ ಪರಿಚಿತರಾದ ಥಾಮಸ್ ಕುಕ್ ಅವರ ಮೊಮ್ಮಗ ಈ ಅರ್ನೆಸ್ಟ್. 1928ರಲ್ಲಿ ವ್ಯಾಪಾರವನ್ನು ಮಾರಿ ಬಂದ ಹಣದಲ್ಲಿ ಅವರು ಹಳೆಯ ಮಹಲುಗಳನ್ನೂ ಎಸ್ಟೇಟುಗಳನ್ನೂ ಕೊಂಡು ಉಳಿಸುತ್ತ, ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಗೆ ಒಪ್ಪಿಸುತ್ತಿದ್ದರು. ಸಾಮರ್ಸೆಟ್‌ನ ಮಾಂಟಕ್ಯೂಟ್ ಮಹಲು ಉಳಿದದ್ದು ಅವರಿಂದ. ಅಂದರೆ ಕೋಲ್ಸ್‌ಹಿಲ್ ಹೋಗಿ ಸೇರಿದ್ದು ಕೆಡವುವವರ ಕೈಗಲ್ಲ. ಆ ಕಾಲದಲ್ಲಿ ಒಂದು ಮಹಲು ಸಿಗಬಹುದಾಗಿದ್ದ ಅತ್ಯುತ್ತಮ ಕೈಗೇ ಅದು ಸೇರಿತ್ತು. ದುರಸ್ತಿ ಆರಂಭವಾಯಿತು.

1952ರ ಸೆಪ್ಟೆಂಬರಿನಲ್ಲಿ, ಆ ದುರಸ್ತಿಯ ಕೆಲಸ ನಡೆಯುತ್ತಿದ್ದಾಗಲೇ, ಬೆಂಕಿ ಹೊತ್ತಿಕೊಂಡಿತು. ಮೂರು ಶತಮಾನ ಒಣಗಿದ ಮರದ ತೊಲೆಗಳ ಸೂರು ಬೆಂಕಿಗೆ ಸಿಕ್ಕಿದರೆ ನಿಲ್ಲಿಸುವುದು ಕಷ್ಟ. ಸೂರು ಕುಸಿದಾಗ ಅಂತಸ್ತುಗಳೂ ಗಾರೆಯ ಒಳಛಾವಣಿಗಳೂ ಅದರ ಜೊತೆ ಹೋದವು. ಹಳೆಯ ಕಟ್ಟಡಗಳ ರಿಪೇರಿಯಲ್ಲಿ ಅತ್ಯಂತ ಅಪಾಯದ ಜಾಗ ಸೂರಿನ ಅಡಿಯೇ ಎಂಬುದು ಈ ಕೆಲಸದವರಿಗೆಲ್ಲ ಗೊತ್ತು. ಕಿಡಿಯೊಂದು ಧೂಳು ತುಂಬಿದ ಸಂದಿನಲ್ಲಿ ಗಂಟೆಗಟ್ಟಲೆ ಹೊಗೆಯಾಡಿ, ಕೆಲಸದವರು ಊಟಕ್ಕೆ ಹೋದಾಗಲೋ ಮನೆಗೆ ಹೊರಟಾಗಲೋ ಏಳುತ್ತದೆ.

ಬೆಂಕಿ ಆರಿದ ಮೇಲೂ ಹೊರಗೋಡೆಗಳು ಮತ್ತು ಚಿಮಣಿಗಳು ನಿಂತೇ ಇದ್ದವು. ಇದು ಈ ಪ್ರಕರಣದ ತಿರುಳು. ಪ್ರ್ಯಾಟ್ ಅವರ ಮನೆಯ ಅರ್ಧ ಮಹತ್ತ್ವ ಅದರ ಹೊರಮುಖದ ಅಳತೆಯಲ್ಲಿತ್ತು, ಮತ್ತು ಆ ಅಳತೆ ಕಲ್ಲಿನಲ್ಲಿ ಉಳಿದಿತ್ತು. ಒಳಗಿನ ಕೋಣೆಗಳ ಛಾಯಾಚಿತ್ರಗಳಿದ್ದವು, ನಕ್ಷೆಗಳಿದ್ದವು, ವಾಸ್ತುಶಿಲ್ಪಿಯ ಟಿಪ್ಪಣಿಗಳು 1928ರಲ್ಲೇ ಅಚ್ಚಾಗಿದ್ದವು. ಮತ್ತೆ ಕಟ್ಟಲು ಬೇಕಾದ ಜ್ಞಾನ ಇತ್ತು. ಹಣವೂ ಮನಸ್ಸೂ ಕೂಡಿಬರಲಿಲ್ಲ. ಕಟ್ಟಡ ಸಾಮಗ್ರಿಗಳ ಪಡಿತರ ಆಗಷ್ಟೇ ಸಡಿಲವಾಗುತ್ತಿದ್ದ ದಿನಗಳವು. ಮನೆಯಿಲ್ಲದ ಜನರ ನಡುವೆ, ಯಾರೂ ವಾಸಿಸದ ಮಹಲೊಂದನ್ನು ಮತ್ತೆ ಎಬ್ಬಿಸಬೇಕೆಂದು ಗಟ್ಟಿಯಾಗಿ ಕೇಳುವವರು ಕಡಿಮೆ. ಕುಕ್ 1955ರಲ್ಲಿ ತೀರಿಕೊಂಡರು. ಕೋಲ್ಸ್‌ಹಿಲ್ ಹಾಗೂ ಪಕ್ಕದ ಬಸ್ಕಟ್ ಎಸ್ಟೇಟುಗಳು, ಒಟ್ಟು ಸುಮಾರು 7,500 ಎಕರೆ, 1956ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಬಂದವು. ಹಳ್ಳಿ, ಹೊಲ, ಕಾಡು ಎಲ್ಲವೂ ಬಂತು. ಪಾಳು ಮಹಲನ್ನು ಮಾತ್ರ 1958ರಲ್ಲಿ ಕೆಡವಿದರು. ಪಾರಂಪರಿಕ ಕಟ್ಟಡ ಕೆಡವಲು ಅಧಿಕೃತ ಒಪ್ಪಿಗೆ ಪಡೆಯಲೇಬೇಕೆಂಬ ಕಾನೂನು ಬಂದದ್ದು 1968ರಲ್ಲಿ. ಅದಕ್ಕೂ ಮೊದಲು ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುವ ಕಟ್ಟಡವನ್ನು ಕೆಡವುವವರು ಮುಂಗಡ ಸೂಚನೆ ಕೊಟ್ಟರೆ ಸಾಕಿತ್ತು.

ಆ ನಿರ್ಧಾರವನ್ನು ಇಂದಿನ ಅನುಕೂಲದಲ್ಲಿ ಕುಳಿತು ಖಂಡಿಸುವುದು ಸುಲಭ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹೋಲಿಕೆಗೆ ಒಂದು ಪ್ರಕರಣ ನಮ್ಮ ಮುಂದಿದೆ. 1989ರ ಆಗಸ್ಟಿನಲ್ಲಿ ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಹದಿನೇಳನೆಯ ಶತಮಾನದ ಮಹಲು, ಸೂರಿನ ಸೀಸದ ತಗಡಿನ ರಿಪೇರಿ ಮುಗಿಯುವ ಹೊತ್ತಿಗೆ, ಕೆಲಸದವರ ಬೆಂಕಿಯಿಂದಲೇ ಉರಿದುಹೋಯಿತು. ಅಲ್ಲೂ ಸೂರು ಮತ್ತು ಮೇಲಂತಸ್ತು ಹೋಗಿ ಗೋಡೆಗಳು ಉಳಿದವು. ಅಲ್ಲೂ ಮಾಲೀಕತ್ವ ನ್ಯಾಷನಲ್ ಟ್ರಸ್ಟಿನದು. ವಿಮೆಯ ಹಣ ಮತ್ತು ಗಾರೆ ಕೆಲಸಗಾರರ, ಬಡಗಿಗಳ ಕೌಶಲ ಒಂದುಗೂಡಿ, ಮನೆ ಮತ್ತೆ ಎದ್ದು 1995ರಲ್ಲಿ ಜನರಿಗೆ ತೆರೆಯಿತು. ಮರೆತೇಹೋಗಿದ್ದ ಕೈಯಿಂದಲೇ ಗಾರೆ ತಿದ್ದುವ ವಿದ್ಯೆಯನ್ನು ಆ ಕೆಲಸಕ್ಕಾಗಿ ಮರಳಿ ಕಲಿತರು. ಎರಡೂ ಕಡೆ ಅವಘಡ ಒಂದೇ ಬಗೆಯದು, ಉಳಿದದ್ದೂ ಸುಮಾರಾಗಿ ಅಷ್ಟೇ. ಬೇರೆಯಾಗಿದ್ದದ್ದು ಕಾನೂನು, ವಿಮೆ ಮತ್ತು ಆ ಹೊತ್ತಿನ ಸಮಾಜ ಏನನ್ನು ಉಳಿಸಿಕೊಳ್ಳಲು ಸಿದ್ಧವಿತ್ತು ಎಂಬುದು. ಹಾಗಾಗಿ ಕೋಲ್ಸ್‌ಹಿಲ್ ಬೆಂಕಿಗೆ ಆಹುತಿಯಾಯಿತು ಎಂಬ ಮಾತು ನನಗೆ ಅರ್ಧ ಸತ್ಯವೆನಿಸುತ್ತದೆ. ಅದನ್ನು ಕಳೆದುಕೊಳ್ಳಲು ಒಪ್ಪಿಕೊಂಡದ್ದರಿಂದ ಅದು ಕಳೆದುಹೋಯಿತು. ವಾಸ್ತುಶಿಲ್ಪದ ದೃಷ್ಟಿಯಿಂದ ಅಪ್‌ಪಾರ್ಕ್‌ಗಿಂತ ಕೋಲ್ಸ್‌ಹಿಲ್ ದೊಡ್ಡ ಕೃತಿಯೆಂಬುದು ಈ ನಷ್ಟದ ನೋವನ್ನು ಹೆಚ್ಚಿಸುತ್ತದೆ.

ಇಂದು ಆ ಜಾಗದಲ್ಲಿ ಮಹಲಿನ ತಳಪಾಯದ ನಕ್ಷೆಯನ್ನು ಅನುಸರಿಸಿ ಬಾಕ್ಸ್ ಗಿಡದ ಕುಳ್ಳ ಬೇಲಿ ಬೆಳೆಸಿದ್ದಾರೆ. ಪ್ರ್ಯಾಟ್ ಕಾಲದ ಕಲ್ಲಿನ ಗೇಟುಕಂಬಗಳು ರಸ್ತೆ ಬದಿಯಲ್ಲಿ ಉಳಿದಿವೆ, ಲಾಯದ ಕಟ್ಟಡಗಳು ಬಳಕೆಯಲ್ಲಿವೆ. ಎಸ್ಟೇಟಿನ ಕಾಡಿನಲ್ಲಿ ತರಬೇತಿಗಾಗಿ ತೋಡಿದ್ದ ಅಡಗುದಾಣವೂ ಉಳಿದಿದೆ. ಸಂದರ್ಶಕರು ಇಳಿದು ನೋಡಲೆಂದು ಅದೇ ಮಾದರಿಯ ಇನ್ನೊಂದನ್ನು ಟ್ರಸ್ಟ್ ಹೊಸದಾಗಿ ಕಟ್ಟಿಸಿದೆ. ಕೆಲವು ತಿಂಗಳ ತುರ್ತಿಗೆಂದು ತಗಡಿನಲ್ಲಿ ಮಾಡಿದ್ದು ಉಳಿದು, ಮೂರು ಶತಮಾನ ಬಾಳಿದ್ದು ಹೋಯಿತು. ಇದರಲ್ಲಿ ವಿಧಿಯ ಆಟವೇನೂ ಇಲ್ಲ: ನೆಲದಡಿಯಲ್ಲಿ ಮರೆಯಾಗಿದ್ದಕ್ಕೆ ಉಸ್ತುವಾರಿಯ ಖರ್ಚಿರಲಿಲ್ಲ, ಕೆಡವುವ ಅಗತ್ಯವೂ ಯಾರಿಗೂ ಬೀಳಲಿಲ್ಲ.

ಪಡೆಯ ಗುಟ್ಟು ಹೊರಬೀಳುವುದಕ್ಕೆ ಮನೆ ಅಳಿದು ಹತ್ತು ವರ್ಷ ಬೇಕಾಯಿತು. 1968ರಲ್ಲಿ ಪತ್ರಕರ್ತರೊಬ್ಬರ ಪುಸ್ತಕ ಅದನ್ನು ಮೊದಲ ಬಾರಿಗೆ ವಿವರವಾಗಿ ಜನರ ಮುಂದಿಟ್ಟಿತು. 1958ರಲ್ಲಿ ಕೆಡವಲು ಒಪ್ಪಿದವರ ಎದುರಿಗಿದ್ದದ್ದು ಸುಟ್ಟ ಮಹಲೊಂದೇ, ಅದರ ಯುದ್ಧಕಾಲದ ಮಹತ್ತ್ವ ಕಡತಗಳಲ್ಲಿ ಮುಚ್ಚಿಹೋಗಿತ್ತು. ಆ ಸಂಗತಿ ತಿಳಿದಿದ್ದರೆ ನಿರ್ಧಾರ ಬದಲಾಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಕಟ್ಟಡದ ಬೆಲೆ ಕಟ್ಟುವಾಗ ಅದರ ಇತಿಹಾಸದ ಒಂದು ಮುಖ್ಯ ಅಧ್ಯಾಯ ತಕ್ಕಡಿಗೆ ಬೀಳಲೇ ಇಲ್ಲ ಎಂಬುದು ಸ್ಪಷ್ಟ. ಲಂಡನ್ನಿನ ಸೆನೊಟಾಫ್ ಯುದ್ಧ ಸ್ಮಾರಕದ ಮುಂದೆ ಈ ಪಡೆಯವರು ತಮ್ಮದೇ ಹೆಸರಿನಲ್ಲಿ ಮೊದಲ ಬಾರಿಗೆ ಹೆಜ್ಜೆ ಹಾಕಿದ್ದು 2013ರ ನವೆಂಬರಿನಲ್ಲಿ, ವಿಸರ್ಜನೆಯಾಗಿ 69 ವರ್ಷಗಳ ನಂತರ. ಅಷ್ಟು ಹೊತ್ತಿಗೆ ಬದುಕುಳಿದವರು ಬೆರಳೆಣಿಕೆಯಷ್ಟು ಮಂದಿ. ಅವರಿಗೆ ತರಬೇತಿ ಕೊಟ್ಟ ಮಹಲು ಹೋಗಿ ಅರ್ಧ ಶತಮಾನಕ್ಕಿಂತ ಹೆಚ್ಚಾಗಿತ್ತು.